ಒಂದೇ ಹಾರ್ಟ್ ಅಟ್ಯಾಕನ್ನು ಮೂರು ಥರ ಕೇಳಿ ನೋಡಿದೆ

ಮೆಡಿಸಿನ್ ಪಾಠ ಮಾಡುವ ನಮ್ಮಂಥವರಿಗೆ ಪ್ರಶ್ನೆಪತ್ರಿಕೆ ತೆಗೆಯುವುದನ್ನು ಯಾರೂ ಕಲಿಸಿರುವುದಿಲ್ಲ. ಹಳೇ ಪತ್ರಿಕೆ ಮುಂದಿಟ್ಟುಕೊಂಡು ಅಲ್ಲೊಂದು ಇಲ್ಲೊಂದು ಬದಲಾಯಿಸುತ್ತೇವೆ, ಅಷ್ಟೇ. ಎಸ್ಸೆ ಬರೆಸಿದರೆ ಮಕ್ಕಳು ಯೋಚಿಸುತ್ತಾರೆ, ಎಂಸಿಕ್ಯೂ (ಆಯ್ಕೆ ಕೊಟ್ಟು ಕೇಳುವ ಪ್ರಶ್ನೆ) ಕೊಟ್ಟರೆ ಸುಮ್ನೆ ಟಿಕ್ ಹಾಕಿ ಹೋಗುತ್ತಾರೆ ಅಂತ ನಾನೂ ತುಂಬಾ ವರ್ಷ ನಂಬಿದ್ದೆ.

ಒಂದು ಸಲ ಒಳ ಪರೀಕ್ಷೆಯಲ್ಲಿ "ಹೃದಯಾಘಾತದ ಚಿಕಿತ್ಸೆ ವಿವರಿಸಿ" ಅಂತ 10 ಅಂಕಕ್ಕೆ ಕೇಳಿದೆ. ಎಲ್ಲರೂ 'ಮೋನಾ' ಸೂತ್ರ ಹಿಡಿದು ಬರೆದಿದ್ದರು: ಮಾರ್ಫಿನ್, ಆಕ್ಸಿಜನ್, ನೈಟ್ರೇಟ್, ಆಸ್ಪಿರಿನ್. ಏಳು, ಎಂಟು ಅಂತ ಧಾರಾಳವಾಗಿ ಅಂಕ ಕೊಟ್ಟೆ. ಆಮೇಲಿನ ಪರೀಕ್ಷೆಗೆ ಅದೇ ವಿಷಯವನ್ನು ಒಬ್ಬ ರೋಗಿಯ ಕಥೆ ಮಾಡಿದೆ. ಎದೆನೋವು ಅಂತ ಬಂದಿದ್ದಾನೆ, ಇಸಿಜಿಯಲ್ಲಿ ಲೀಡ್ 2, 3 ಮತ್ತು ಎವಿಎಫ್‌ನಲ್ಲಿ ಎಸ್‌ಟಿ ಅನ್ನುವ ಗೆರೆಯ ಭಾಗ ಮೇಲೆದ್ದಿದೆ, ಬಿಪಿ 80/50, ಕತ್ತಿನ ರಕ್ತನಾಳ ಉಬ್ಬಿದೆ, ಆದರೆ ಶ್ವಾಸಕೋಶ ಕ್ಲಿಯರ್. ಅಂದರೆ ಹೃದಯದ ಕೆಳಗೋಡೆಯ ಜೊತೆ ಬಲ ಕುಹರಕ್ಕೂ (ಬಲಗಡೆಯ ಕೆಳ ಕೋಣೆಗೂ) ಪೆಟ್ಟು ಬಿದ್ದಿದೆ. ಇಂಥವರಿಗೆ ನಾಲಿಗೆ ಕೆಳಗೆ ರಕ್ತನಾಳ ಹಿಗ್ಗಿಸುವ ನೈಟ್ರೇಟ್ ಇಟ್ಟರೆ ಬಿಪಿ ಇನ್ನೂ ಕುಸಿಯುತ್ತದೆ. ಬ್ಯಾಚನ್ನು ಎರಡು ಭಾಗ ಮಾಡಿ ಅರ್ಧದಷ್ಟು ಜನಕ್ಕೆ "ಯಾವುದನ್ನು ಕೊಡಬಾರದು?" ಅಂತ ಐದು ಆಯ್ಕೆ ಕೊಟ್ಟೆ. ಉಳಿದವರಿಗೆ ಬರೀ ಒಂದು ಖಾಲಿ ಗೆರೆ: "ಈಗ ಮೊದಲು ಏನು ಕೊಡುತ್ತೀರಿ?"

ಆಯ್ಕೆ ಇದ್ದವರಲ್ಲಿ ಹೆಚ್ಚಿನವರು ನೈಟ್ರೇಟ್‌ಗೆ ಟಿಕ್ ಹಾಕಿದರು. ಕಣ್ಣೆದುರಿಗೆ ಕಂಡರೆ ನೆನಪಾಗುತ್ತದೆ, ಅಲ್ವಾ? ಖಾಲಿ ಗೆರೆಯವರಲ್ಲಿ ಎಸ್ಸೆಯಲ್ಲಿ ಎಂಟು ತೆಗೆದಿದ್ದವರೇ ನೈಟ್ರೋಗ್ಲಿಸರಿನ್, ಅಂದರೆ ಅದೇ ನೈಟ್ರೇಟ್, ಅಂತ ಬರೆದಿದ್ದರು. ನನಗೆ ನಿಜವಾಗಿ ಬೆವರು ಬಂತು, ಯಾಕಂದರೆ ಆ ಎಂಟು ಅಂಕ ಕೊಟ್ಟವನು ನಾನೇ. ಇದು ಸಂಶೋಧನೆ ಏನಲ್ಲ, ಎರಡು ಗುಂಪಿಗೂ ಕೇಳಿದ ಪ್ರಶ್ನೆಯೇ ಬೇರೆ. ಆದರೂ ನನ್ನ ಎಸ್ಸೆ ಏನನ್ನು ಅಳೆಯುತ್ತಿತ್ತು ಅನ್ನುವುದು ಗೊತ್ತಾಯಿತು: ಬಾಯಿಪಾಠ. ರೋಗಿಯೇ ಇಲ್ಲದ ಪ್ರಶ್ನೆಗೆ ಉತ್ತರ ಎಷ್ಟು ಉದ್ದವಿದ್ದರೂ ಅದು ಬಾಯಿಪಾಠವೇ. ಎಂಸಿಕ್ಯೂನಲ್ಲೂ "ಯಾವ ವಿಟಮಿನ್ ಕಡಿಮೆಯಾದರೆ ಬೆರಿಬೆರಿ?" ಅಂದರೆ ಬಾಯಿಪಾಠ, ಬಿಪಿ ಬಿದ್ದ ರೋಗಿಯನ್ನು ಮುಂದಿಟ್ಟರೆ ಯೋಚನೆ.

ಎಸ್ಸೆಗೆ ಇನ್ನೊಂದು ರೋಗ ಇದೆ, ಅದು ನಮ್ಮದು. ಒಮ್ಮೆ ನಾನೇ ಅಂಕ ಹಾಕಿದ್ದ ಒಂದು ಉತ್ತರವನ್ನು ಎರಡು ವಾರ ಬಿಟ್ಟು, ಹಳೇ ಅಂಕ ಮುಚ್ಚಿ, ಮತ್ತೆ ನೋಡಿದೆ. ಮೊದಲು ಆರು ಕೊಟ್ಟಿದ್ದೆ, ಈಗ ನಾಲ್ಕು. ಅಕ್ಷರ ಚೆನ್ನಾಗಿದ್ದರೆ, ಹಿಂದಿನ ಪೇಪರ್ ಕೆಟ್ಟದಾಗಿದ್ದರೆ, ಕೈ ತಾನಾಗೇ ಸಡಿಲವಾಗುತ್ತದೆ. ಅದಕ್ಕೇ ಈಗ ಒಬ್ಬರ ಪೇಪರ್ ಪೂರ್ತಿ ನೋಡುವುದಿಲ್ಲ. ಎಲ್ಲರ ಮೊದಲ ಪ್ರಶ್ನೆ ಮುಗಿಸಿ ಎರಡನೆಯದಕ್ಕೆ ಹೋಗುತ್ತೇನೆ, ಪಕ್ಕದಲ್ಲಿ ಯಾವುದಕ್ಕೆ ಎಷ್ಟು ಅಂಕ ಅನ್ನುವ ಪಟ್ಟಿ ಇರುತ್ತದೆ. ಜೊತೆಗೆ ಎರಡು ಎಸ್ಸೆಯಲ್ಲಿ ಎಷ್ಟು ವಿಷಯ ಕೇಳಲಾದೀತು? ಹೃದಯ ಗೊತ್ತಿದ್ದವನಿಗೆ ಕಿಡ್ನಿ ಗೊತ್ತಿರಬೇಕು ಅಂತೇನೂ ಇಲ್ಲ. ಅದೇ ಹೊತ್ತಿನಲ್ಲಿ ಹತ್ತಾರು ಎಂಸಿಕ್ಯೂ ಕೇಳಬಹುದು.

ಹಾಗಂತ ಎಂಸಿಕ್ಯೂ ತೆಗೆಯುವುದು ಸುಲಭ ಅಂದುಕೊಳ್ಳಬೇಡಿ. ಪ್ರತಿ ಪರೀಕ್ಷೆ ಆದಮೇಲೆ ಅಂಕದಲ್ಲಿ ಮೇಲಿನ 27% ಮತ್ತು ಕೆಳಗಿನ 27% ಜನರನ್ನು ಬೇರೆ ಮಾಡಿ, ಒಂದೊಂದು ಪ್ರಶ್ನೆಗೂ ಯಾವ ಗುಂಪಿನಲ್ಲಿ ಎಷ್ಟು ಜನ ಸರಿ ಬರೆದರು ಅಂತ ಎಣಿಸುತ್ತೇನೆ. ಒಂದು ಪ್ರಶ್ನೆಯಲ್ಲಿ ಲೆಕ್ಕ ಉಲ್ಟಾ ಬಂತು, ಜಾಣರೇ ಜಾಸ್ತಿ ತಪ್ಪು ಮಾಡಿದ್ದರು. "ಪಲ್ಮನರಿ ಎಂಬಾಲಿಸಂ ಅನುಮಾನ ಇದ್ದರೆ ಮೊದಲ ಟೆಸ್ಟ್ ಯಾವುದು?" ಅಂತ ಕೇಳಿ (ಶ್ವಾಸಕೋಶದ ರಕ್ತನಾಳದಲ್ಲಿ ರಕ್ತದ ಹೆಪ್ಪು ಸಿಕ್ಕಿಕೊಳ್ಳುವ ರೋಗ ಅದು) ಡಿ-ಡೈಮರ್ ಅನ್ನುವ ರಕ್ತಪರೀಕ್ಷೆ ಸರಿ ಅಂದಿದ್ದೆ. ಅನುಮಾನ ಕಡಿಮೆ ಇದ್ದರೆ ಅದು ಸರಿ. ಬಲವಾಗಿದ್ದರೆ ನೇರ ಸಿಟಿ ಆಂಜಿಯೋ, ಅಂದರೆ ರಕ್ತನಾಳದ ಸ್ಕ್ಯಾನ್. ಅನುಮಾನ ಎಷ್ಟು ಅಂತ ನಾನು ಹೇಳಿಯೇ ಇರಲಿಲ್ಲ! ಯೋಚಿಸಿದವರು ಸಿಕ್ಕಿಬಿದ್ದರು, ಗೈಡ್ ಓದಿದವರು ಪಾರಾದರು. ತಪ್ಪು ನನ್ನದು ಅಂತ ಕ್ಲಾಸಿನಲ್ಲಿ ಹೇಳಿ ಆ ಪ್ರಶ್ನೆಯನ್ನು ಲೆಕ್ಕದಿಂದ ತೆಗೆದೆ.

ಎಕ್ಸ್‌ಟೆಂಡೆಡ್ ಮ್ಯಾಚಿಂಗ್ ಅನ್ನುವ, ಹೊಂದಿಸಿ ಬರೆಯುವ ಥರದ ಪ್ರಶ್ನೆ ಕೂಡ ಮಾಡಿದ್ದೇನೆ. ಉಸಿರುಗಟ್ಟುವ ಹತ್ತು ಕಾರಣಗಳ ಪಟ್ಟಿ ಒಂದೇ, ಕೆಳಗೆ ನಾಲ್ಕು ರೋಗಿಗಳು. ಅಂದಾಜು ಹೊಡೆಯುವುದು ಕಷ್ಟ, ಡಯಾಗ್ನೋಸಿಸ್ ಕೇಳಲು ನನಗೆ ತುಂಬಾ ಇಷ್ಟ. ಸರಿ-ತಪ್ಪು ಪ್ರಶ್ನೆ ಬಿಟ್ಟೇಬಿಟ್ಟೆ. ನಾಣ್ಯ ಹಾರಿಸಿದರೂ ಅರ್ಧ ಅಂಕ ಸಿಗುತ್ತದೆ.

ಈಗ ನನ್ನ ಪತ್ರಿಕೆಯಲ್ಲಿ ಹೆಚ್ಚು ಪಾಲು ಕೇಸ್ ಇರುವ ಎಂಸಿಕ್ಯೂ. ತಪ್ಪಿದರೆ ರೋಗಿಗೆ ಅಪಾಯ ಆಗುವ ಜಾಗಗಳಲ್ಲಿ ಮಾತ್ರ ಖಾಲಿ ಗೆರೆ, ಎರಡು-ಮೂರು ಪದದ ಉತ್ತರ. ಇದಕ್ಕೆ ಅಂಕ ಹಾಕಲು ಹೊತ್ತು ಹಿಡಿಯುತ್ತದೆ, ಒಂದೇ ಉತ್ತರವನ್ನು ಹತ್ತು ಥರ ಬರೆದಿರುತ್ತಾರೆ. ಎಸ್ಸೆ ಒಂದೇ ಒಂದು ಉಳಿಸಿಕೊಂಡಿದ್ದೇನೆ, ಅದರಲ್ಲೂ ರೋಗಿ ಇರುತ್ತಾನೆ.

ಪತ್ರಿಕೆ ಅಂತಿಮ ಮಾಡುವ ಮುಂಚೆ ಒಬ್ಬ ಪಿಜಿ ವಿದ್ಯಾರ್ಥಿನಿಗೆ ಆಯ್ಕೆಗಳನ್ನು ಮಡಚಿ ಮುಚ್ಚಿ ಬರೀ ಪ್ರಶ್ನೆ ಓದಿಸುತ್ತೇನೆ. ಆಯ್ಕೆ ನೋಡದೆಯೇ ಉತ್ತರ ಹೇಳಲು ಬರಬೇಕು. ಮೊನ್ನೆ ಒಂದಕ್ಕೆ ಆಕೆ ಹೇಳಿದ ಉತ್ತರ ನನ್ನ ಐದು ಆಯ್ಕೆಗಳಲ್ಲಿ ಇರಲೇ ಇಲ್ಲ. "ಸರ್, ಇದೂ ಸರಿ ಅಲ್ವಾ?" ಅಂದಳು. ಪುಸ್ತಕ ತೆಗೆದು ನೋಡಿದೆ, ಸರಿಯೇ ಇತ್ತು.