ಅಕ್ಷರದ ಕೂಡೋ ಲೆಕ್ಕ: ಊಹೆ ಬಿಡಿ, ದಶಕ ಹಿಡೀರಿ

ನಮ್ಮಕ್ಕನ ಮಗ ಪ್ಲೇಸ್‌ಮೆಂಟ್ ಟೆಸ್ಟ್‌ಗೆ ಓದ್ತಾ ಇದಾನೆ. ಅಂಕಿ ಬದ್ಲು ಅಕ್ಷರ ಇರೋ ಕೂಡೋ ಲೆಕ್ಕ ಕೊಟ್ರೆ ಸಾಕು, ಬಲಗಡೆ ಕೊನೇ ಅಕ್ಷರಕ್ಕೆ 2 ಹಾಕ್ತಾನೆ, ಆಗ್ಲಿಲ್ಲ, 3 ಹಾಕ್ತಾನೆ, ಅದೂ ಆಗ್ಲಿಲ್ಲ, ಉಜ್ಜಿ ಉಜ್ಜಿ ಪೇಪರ್ರೇ ತೂತು. ಹಾಗಾಗಿ ಇದನ್ನ ಬರೀತಿದೀನಿ.

ಇಂಗ್ಲೆಂಡಿನ ಒಗಟುಗಾರ ಹೆನ್ರಿ ಡ್ಯೂಡ್ನಿ 1924ರ ಜುಲೈನಲ್ಲಿ ಸ್ಟ್ರ್ಯಾಂಡ್ ಮ್ಯಾಗಜೀನ್‌ನಲ್ಲಿ ಹಾಕಿದ್ದ ಲೆಕ್ಕವನ್ನೇ ತಗೊಳೋಣ, ನೂರು ವರ್ಷ ಆದ್ರೂ ಎಲ್ರೂ ಇದನ್ನೇ ಕೇಳೋದು:

ಎಸ್ ಇ ಎನ್ ಡಿ + ಎಂ ಓ ಆರ್ ಇ = ಎಂ ಓ ಎನ್ ಇ ವೈ

ಒಂದು ಅಕ್ಷರಕ್ಕೆ ಒಂದೇ ಅಂಕಿ, ಬೇರೆ ಅಕ್ಷರಕ್ಕೆ ಬೇರೆ ಅಂಕಿ, ಪದದ ಮೊದಲಕ್ಷರ ಸೊನ್ನೆ ಆಗೋಹಾಗಿಲ್ಲ.

ಮೊದ್ಲು ಚೌಕದ ನೋಟ್‌ಬುಕ್ಕಲ್ಲಿ ಒಂದ್ರ ಕೆಳಗೆ ಒಂದು ಬರ್ಕೊಳ್ಳಿ, ಮೇಲೆ ದಶಕಕ್ಕೆ ಅಂತ ಒಂದು ಸಾಲು ಖಾಲಿ ಬಿಡಿ. ಮೊಬೈಲಲ್ಲಿ ಟೈಪ್ ಮಾಡ್ಕೊಂಡು ಬಿಡಿಸ್ತೀನಿ ಅನ್ನೋರಿಗೆ ನನ್ನ ನಮಸ್ಕಾರ.

ಆಮೇಲೆ ಎಡಗಡೆಯಿಂದ. ನಾಲ್ಕಂಕಿಯ ಎರಡು ಸಂಖ್ಯೆ ಕೂಡಿ ಐದಂಕಿ ಬಂದ್ರೆ ಮುಂದಿರೋದು 1 ಮಾತ್ರ. ಎಂ=1.

ಸಾವಿರದ ಸ್ಥಾನದಲ್ಲಿ ಎಸ್ + 1, ಜೊತೆಗೆ ದಶಕ ಬಂದ್ರೂ ಹೆಚ್ಚಂದ್ರೆ 11. ಓ ಹಾಗಾದ್ರೆ 0 ಇಲ್ಲಾ 1, 1 ಆಗ್ಲೇ ಎಂ ತಗೊಂಡಿದೆ, ಅಲ್ಲಿಗೆ ಓ=0. (ಓ ನೋಡೋಕೆ ಸೊನ್ನೆ ಥರಾನೇ ಇದೆ ಅಂತ ಮೊದ್ಲೇ ಸೊನ್ನೆ ಬರ್ಕೊಳ್ಳೋರು ಇದಾರೆ. ಈ ಲೆಕ್ಕದಲ್ಲಿ ಬಚಾವ್, ಮುಂದಿನದ್ರಲ್ಲಿ ಸಿಕ್ಕಾಕೊತಾರೆ.)

ಈಗ ಎಲ್ರೂ ಎಡವೋ ಜಾಗ. ನೂರರ ಸ್ಥಾನದಲ್ಲಿ ಇ + 0 = ಎನ್. ಇ ಮತ್ತೆ ಎನ್ ಒಂದೇ ಆಗೋಕಾಗಲ್ವಲ್ಲ, ಅಂದ್ರೆ ಹತ್ತರ ಸ್ಥಾನದಿಂದ ದಶಕ 1 ಬಂದೇ ಬಂದಿದೆ, ಎನ್ = ಇ + 1. ಇಲ್ಲಿಂದ ಸಾವಿರಕ್ಕೆ ದಶಕ ಹೋಗುತ್ತಾ? ಹೋಗ್ಬೇಕಂದ್ರೆ ಇ 9 ಆಗಿ ಎನ್ ಸೊನ್ನೆ ಆಗ್ಬೇಕು, ಸೊನ್ನೆ ಓ ಹತ್ರ ಇದೆ, ಹೋಗಲ್ಲ. ದಶಕ ಇಲ್ದೆ ಎಸ್ + 1 ಹತ್ತು ಆಗ್ಬೇಕು, ಎಸ್=9. ಇನ್ನು ಹತ್ತರ ಸ್ಥಾನ: ಎನ್ + ಆರ್ + ದಶಕ = ಇ + 10. ಎನ್ ಜಾಗಕ್ಕೆ ಇ + 1 ಹಾಕಿ, ಎರಡೂ ಕಡೆ ಇ ಹೊಡೆದುಹೋಗುತ್ತೆ, ಉಳಿಯೋದು ಆರ್ + ದಶಕ = 9. ದಶಕ ಇಲ್ದಿದ್ರೆ ಆರ್ 9 ಆಗ್ಬೇಕು, ಅದು ಎಸ್‌ಗೆ ಹೋಗಿದೆ, ಹಾಗಾಗಿ ಆರ್=8, ಬಿಡಿಯಿಂದ ದಶಕ 1. ನೋಡಿ, ಇಷ್ಟೊತ್ತು ಒಂದೂ ಊಹೆ ಮಾಡಿಲ್ಲ.

ಉಳಿದಿರೋದು 2ರಿಂದ 7. ಡಿ + ಇ = 10 + ವೈ, ವೈ ಕನಿಷ್ಠ 2, ಅಂದ್ರೆ ಕೂಡಿದ್ರೆ 12 ಇಲ್ಲಾ ಅದಕ್ಕಿಂತ ಜಾಸ್ತಿ ಬರ್ಬೇಕು: 5 ಮತ್ತು 7, ಇಲ್ಲಾ 6 ಮತ್ತು 7. ಇ 7 ಆದ್ರೆ ಎನ್ 8 ಆಗುತ್ತೆ, ಅದು ಆರ್‌ದು. ಡಿ=7. ಇ 6 ಆದ್ರೆ ಎನ್ 7, ಅದೀಗ ಡಿ ಹತ್ರ. ಇ=5, ಎನ್=6, ವೈ=2.

9567 + 1085 = 10652. ಕೂಡಿ ನೋಡಿ.

ಅಭ್ಯಾಸಕ್ಕೆ ಬಸ್ ಸ್ಟ್ಯಾಂಡ್ ಪುಸ್ತಕ ಮಾತ್ರ ತಗೋಬೇಡಿ. ನಮ್ಮ ಹುಡುಗ ತಂದಿದ್ರಲ್ಲಿ ಟಿ ಡಬ್ಲ್ಯೂ ಓ + ಟಿ ಡಬ್ಲ್ಯೂ ಓ = ಎಫ್ ಓ ಯು ಆರ್ ಇತ್ತು, ಇವನು 938 + 938 = 1876 ಅಂತ ಸರಿಯಾಗೇ ಬರ್ದಿದ್ದ, ಹಿಂದಿನ ಪುಟದಲ್ಲಿ 734 ಒಂದೇ ಉತ್ತರ ಅಂತ ಕೊಟ್ಟಿದ್ರು, ಪಾಪ ತನ್ನದೇ ತಪ್ಪು ಅಂತ ಹೊಡೆದಾಕಿ ಕೂತಿದ್ದ. ಆ ಲೆಕ್ಕಕ್ಕೆ ಏಳು ಉತ್ತರ ಇದೆ.