ಮುಂಬಯಿಯಿಂದ ಕೌಲಾಲಂಪುರಕ್ಕೆ ಡಿಬೇಟ್ ತಂಡ: ನನ್ನ ಅನುಭವ

ನಮ್ಮ ಸಂಘದಿಂದ ಇಬ್ಬರು ವಿದ್ಯಾರ್ಥಿಗಳನ್ನು ಕೌಲಾಲಂಪುರದ ಇಂಗ್ಲಿಷ್ ಡಿಬೇಟ್ ಟೂರ್ನಮೆಂಟಿಗೆ ಕಳಿಸುವಾಗ "ಇಲ್ಲೇ ಬ್ರೇಕ್ (ನಾಕೌಟ್ ಹಂತಕ್ಕೆ ಆಯ್ಕೆ) ಆಗದ ಹುಡುಗರು ಅಲ್ಲಿ ಹೋಗಿ ಏನು ಮಾಡ್ತಾರೆ?" ಎಂದು ಕೇಳಿದವರೇ ಈಗ ಮುಂದಿನ ತಂಡಕ್ಕೆ ತಮ್ಮ ಮಕ್ಕಳ ಹೆಸರು ಕೊಡುತ್ತಿದ್ದಾರೆ. ಅಲ್ಲಿಂದ ಬಂದ ಮೇಲೆ ಅದೇ ಜೋಡಿ ಪುಣೆಯಲ್ಲಿ ಸೆಮಿಫೈನಲ್‌ವರೆಗೆ ಏರಿತು. ಇಲ್ಲಿ ಗೆದ್ದ ಮೇಲೆ ವಿದೇಶ ಎಂಬ ಕ್ರಮವೇ ತಲೆಕೆಳಗು ಎಂದು ನಾನು ಮೊದಲಿಂದ ಹೇಳುತ್ತಿದ್ದೆ.

ಕಾರಣ ಇಷ್ಟೇ. ಮುಂಬಯಿ ಸರ್ಕ್ಯೂಟಿನಲ್ಲಿ ಜಡ್ಜುಗಳು ನಮ್ಮವರೇ. ವಸತಿ ಕುರಿತ ಮೋಷನ್ (ಚರ್ಚೆಯ ವಿಷಯ) ಬಂದಾಗ ಹುಡುಗ "ಎಸ್‌ಆರ್‌ಎ" (ಜೋಪಡಪಟ್ಟಿ ಪುನರ್ವಸತಿ ಪ್ರಾಧಿಕಾರ) ಎಂದರೆ ಸಾಕು, ಉಳಿದದ್ದನ್ನು ಜಡ್ಜ್ ತಾನೇ ತುಂಬಿಕೊಳ್ಳುತ್ತಾನೆ. ಕೌಲಾಲಂಪುರದಲ್ಲಿ ಮನಿಲಾದ ಚೇರ್ (ಮುಖ್ಯ ಜಡ್ಜ್), ಢಾಕಾದ ಪ್ಯಾನೆಲಿಸ್ಟ್ (ಸಹ ಜಡ್ಜ್) ಕೂತಿರುತ್ತಾರೆ. ಆ ಮೂರಕ್ಷರ ಬರೆದುಕೊಂಡು ಪೆನ್ನು ಹಿಡಿದು ಕಾಯುತ್ತಾರೆ. 2000ದ ಜನವರಿ 1ಕ್ಕೆ ಮೊದಲು ಜೋಪಡಿಯಲ್ಲಿದ್ದವರಿಗೆ ಪುಕ್ಕಟೆ ಫ್ಲ್ಯಾಟು, ಅದನ್ನು ಕಟ್ಟಿಕೊಡುವ ಬಿಲ್ಡರಿಗೆ ಹೆಚ್ಚುವರಿ ಎಫ್‌ಎಸ್‌ಐ (ಜಾಗದ ಅಳತೆಗೆ ತಕ್ಕಂತೆ ಎಷ್ಟು ಕಟ್ಟಬಹುದೆಂಬ ಮಿತಿ), ಅದರಲ್ಲಿ ಮಾರಾಟದ ಕಟ್ಟಡ, ಹಾಗಾಗಿ ಬಿಲ್ಡರು ಹುಡುಕುವುದು ಜಾಗಕ್ಕೆ ಬೆಲೆ ಇರುವ ಜೋಪಡಪಟ್ಟಿಯನ್ನೇ. ಇಷ್ಟನ್ನು ಏಳು ನಿಮಿಷದ ಭಾಷಣದ ಮೊದಲ ನಲವತ್ತು ಸೆಕೆಂಡಿನಲ್ಲಿ ಹೇಳಿ ಮುಗಿಸಬೇಕು. ಹೇಳದಿದ್ದರೆ ಆ ಉದಾಹರಣೆಗೆ ಸೊನ್ನೆ. ಕಾರಣದ ಕೊಂಡಿಗಳನ್ನು ಒಂದೊಂದಾಗಿ ಬಿಡಿಸಿಡುವ ಈ ಅಭ್ಯಾಸ ಇಲ್ಲಿ ಎಷ್ಟು ಗದರಿಸಿದರೂ ಹತ್ತಲಿಲ್ಲ. ಅಲ್ಲಿ ಎರಡು ಸುತ್ತು ನಾಲ್ಕು ತಂಡಗಳಲ್ಲಿ ನಾಲ್ಕನೆಯ ಸ್ಥಾನ ಬಂದ ಮೇಲೆ ತಾನಾಗಿ ಹತ್ತಿತು.

ಆನ್‌ಲೈನಿನಲ್ಲೇ ಆಗುತ್ತದಲ್ಲ ಎಂಬ ವಾದವೂ ಬಂತು. ಹೌದು, ಕೋವಿಡ್ ಕಾಲದಲ್ಲಿ ವರ್ಲ್ಡ್ಸ್ (ವಿಶ್ವವಿದ್ಯಾಲಯಗಳ ವಿಶ್ವ ಡಿಬೇಟ್ ಸ್ಪರ್ಧೆ) ಕೂಡ ಆನ್‌ಲೈನ್ ನಡೆಯಿತು. ಆದರೆ ಕರೆ ಕಟ್ಟಾದ ಕೂಡಲೇ ಜಡ್ಜ್ ಮಾಯ. ವರ್ಲ್ಡ್ಸ್ ಮಾದರಿಯ ಒಂಬತ್ತು ಸುತ್ತಿನಲ್ಲಿ ಮೊದಲ ಆರಕ್ಕೆ ಮಾತ್ರ ಫಲಿತಾಂಶ, ಫೀಡ್‌ಬ್ಯಾಕ್ ಅಲ್ಲೇ ಸಿಗುವುದು, ಕೊನೆಯ ಮೂರು ಗುಟ್ಟು. ಹಾಗಾಗಿ ಕಲಿಯುವುದೆಲ್ಲ ಮೊದಲ ಎರಡು ದಿನಗಳಲ್ಲಿ. ಪ್ರತಿ ಸುತ್ತಿನ ಬಳಿಕ ಕಾರಿಡಾರಿನಲ್ಲಿ ಚೇರ್ ಹಿಂದೆ ಹೋಗಿ ಒಂದೇ ಪ್ರಶ್ನೆ ಕೇಳಲು ಹೇಳಿದ್ದೆವು. ಆ ಪ್ರಶ್ನೆ ಯಾವುದೆಂದು ಇಲ್ಲಿ ಬರೆಯುವುದಿಲ್ಲ, ಅದು ನಮ್ಮ ಹುಡುಗರ ಸೊತ್ತು.

ಇನ್ನು ದುಡ್ಡು. ಮೊದಲ ಪ್ರವಾಸಕ್ಕೆ ಯುರೋಪ್ ಬೇಡವೇ ಬೇಡ. ಶೆಂಗೆನ್ ವೀಸಾ ಫೀಸೇ 90 ಯೂರೋ, ಜೊತೆಗೆ 30,000 ಯೂರೋ ಮೊತ್ತದ ವಿಮೆ, ಬಿಕೆಸಿಯ ವೀಸಾ ಕೇಂದ್ರದಲ್ಲಿ ಅಪಾಯಿಂಟ್‌ಮೆಂಟಿಗೆ ಪರದಾಟ. ಮಲೇಷ್ಯಾ 2023ರ ಡಿಸೆಂಬರಿನಿಂದ ನಮಗೆ 30 ದಿನದ ಮಟ್ಟಿಗೆ ವೀಸಾ ಕೇಳುತ್ತಿಲ್ಲ, ಡಿಜಿಟಲ್ ಅರೈವಲ್ ಕಾರ್ಡ್ ತುಂಬಿದರೆ ಸಾಕು. ತಲೆಗೆ ಹೋಗಿಬರುವ ಟಿಕೆಟ್ ಸುಮಾರು 25 ಸಾವಿರ, ಊಟ ವಸತಿ ಸೇರಿದ ನೋಂದಣಿ 20ರ ಆಸುಪಾಸು, ಮೇಲುಖರ್ಚು ಹತ್ತು ಹದಿನೈದು. ಮೂವರಿಗೆ ಒಂದೂಮುಕ್ಕಾಲು ಲಕ್ಷ ಹಿಡಿಯಿರಿ. ಮೂವರು ಯಾಕೆಂದರೆ ಬಿಪಿಯಲ್ಲಿ (ಬ್ರಿಟಿಷ್ ಪಾರ್ಲಿಮೆಂಟರಿ, ನಾವು ಆಡುವ ಡಿಬೇಟ್ ಮಾದರಿ) ತಂಡ ಇಬ್ಬರದೇ ಆದರೂ ಹಲವು ಟೂರ್ನಮೆಂಟುಗಳು ತಂಡಕ್ಕೊಬ್ಬ ಜಡ್ಜ್ ಕೇಳುತ್ತವೆ. ಆ ಸೀಟನ್ನು ಹೊರಗಿನವರಿಗೆ ಕೊಡಬೇಡಿ, ಮುಂದಿನ ವರ್ಷ ಆಡುವ ವಿದ್ಯಾರ್ಥಿಗೇ ಕೊಡಿ. ಎದುರು ಕೂತು ಹತ್ತಾರು ಭಾಷಣ ಬರೆದುಕೊಳ್ಳುವವನು ಆಡುವವನಿಗಿಂತ ಹೆಚ್ಚು ಕಲಿತು ಬರುತ್ತಾನೆ.

ಕಾರ್ಪೊರೇಟ್ ಪ್ರಾಯೋಜಕರ ಬೆನ್ನು ಹತ್ತಿದ್ದು ಪೂರ್ತಿ ದಂಡ. ಇಮೇಲ್, ಪಿಪಿಟಿ, ಮೀಟಿಂಗು, ಕೊನೆಗೆ ಏನೂ ಇಲ್ಲ. ಕೈಹಿಡಿದದ್ದು ನಮ್ಮ ಸಂಘಗಳ ಹಳೆಯ ದಾರಿ: ಸ್ಮರಣ ಸಂಚಿಕೆ. ಮಾಟುಂಗಾದಿಂದ ಮುಲುಂಡ್‌ವರೆಗಿನ ಹೋಟೆಲುಗಳಲ್ಲಿ ಮಧ್ಯಾಹ್ನ ಮೂರರ ನಂತರ, ಕೌಂಟರ್ ಖಾಲಿ ಇರುವಾಗ, ವಿದ್ಯಾರ್ಥಿಯನ್ನೇ ಕರೆದುಕೊಂಡು ಹೋಗಬೇಕು. "ಶೆಟ್ರೇ, ಇವ ಮಾತಾಡ್ತಾನೆ, ಎರಡು ನಿಮಿಷ ಕೇಳಿ" ಎಂದರೆ ಇಲ್ಲ ಎನ್ನುವವರು ಕಡಿಮೆ. ಅರ್ಧ ಪುಟಕ್ಕೆ ಐದು ಸಾವಿರ, ಪೂರ್ಣ ಪುಟಕ್ಕೆ ಹತ್ತರ ಹತ್ತಿರ, ಹಿಂಬದಿಯ ರಕ್ಷಾಪುಟಕ್ಕೆ ಇಪ್ಪತ್ತೈದು. ಜಾಹೀರಾತಾದ್ದರಿಂದ ಅವರು ಅದನ್ನು ವ್ಯಾಪಾರದ ಖರ್ಚಿಗೇ ಬರೆದುಕೊಳ್ಳಬಹುದು. ಚೆಕ್ ಸಂಘದ ಹೆಸರಿಗೆ ಮಾತ್ರ. ಮುದ್ರಣಕ್ಕೆ ನಲವತ್ತು ಸಾವಿರದಷ್ಟು ಹೋಗುತ್ತದೆ, ಬಣ್ಣದ ಪುಟ ಎಂಟಕ್ಕಿಂತ ಹೆಚ್ಚಾದರೆ ಉಳಿಕೆಯೇ ಇಲ್ಲ.

ಕೈಕೊಡುವುದು ಸಣ್ಣ ವಿಷಯಗಳೇ. ನೋಂದಣಿ ಹಣ ಕಟ್ಟುವ ರಾತ್ರಿ ಕಾರ್ಡ್ ನಡೆಯುವುದಿಲ್ಲ, ಯಾಕೆಂದರೆ 2020ರಿಂದೀಚೆ ಹೊಸ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಮುಚ್ಚಿಯೇ ಬರುತ್ತದೆ, ಆ್ಯಪಿನಲ್ಲಿ ತೆರೆಯಬೇಕು. ವಿದೇಶಿ ಪಾವತಿಗೆ ಬ್ಯಾಂಕು ಹಾಕುವ ಮಾರ್ಕಪ್ ಶೇ. 3.5ರವರೆಗೂ ಇರುತ್ತದೆ, ಬಜೆಟ್ಟಿಗೆ ಸೇರಿಸಿ. ಹೆಸರಿನ ಗೊಂದಲ ಇನ್ನೂ ದೊಡ್ಡದು: ಇಲ್ಲಿನ ಮಾರ್ಕ್‌ಶೀಟಿನಲ್ಲಿ ಶೆಟ್ಟಿ, ಪೂಜಾರಿ ಮೊದಲು, ಆಮೇಲೆ ಹೆಸರು, ತಂದೆಯ ಹೆಸರು. ಪಾಸ್‌ಪೋರ್ಟಿನಲ್ಲಿ ಬೇರೆ ಕ್ರಮ. ಟಿಕೆಟ್, ಆಹ್ವಾನಪತ್ರ, ವಿಮೆ ಮೂರಕ್ಕೂ ಪಾಸ್‌ಪೋರ್ಟಿನ ಕ್ರಮವನ್ನೇ ಹಾಕಿಸಿ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಇರಲೇಬೇಕು.

ನಡುವೆ ಒಂದು ಪ್ರಯೋಗ ಮಾಡಿದೆವು. ಸುತ್ತಿಗೆ ಮುಂಚಿನ ಹದಿನೈದು ನಿಮಿಷದ ಪ್ರೆಪ್ಪಿನ (ತಯಾರಿಯ) ಒಂದು ಭಾಗವನ್ನು ಮನೆಮಾತಿನಲ್ಲೇ ಮಾಡಿಸಿದೆವು, ಕನ್ನಡ ಅಥವಾ ತುಳು. ಮೊದಲ ಮೂರು ನಿಮಿಷ ಇಬ್ಬರೂ ಮಾತಿಲ್ಲದೆ ಬರೆಯುವುದು, ಆಮೇಲೆ ಐದು ನಿಮಿಷ ಮನೆಮಾತಿನಲ್ಲಿ ಜಗಳ, ಉಳಿದದ್ದು ಇಂಗ್ಲಿಷಿನಲ್ಲಿ. ವಾದ ಗಟ್ಟಿಯಾಯಿತು, ನಿಜ. ಆದರೆ ಮೊದಲ ಭಾಷಣಕಾರನಿಗೆ ಆರಂಭದ ವಾಕ್ಯ ಕೂಡಿಬರದೆ ಅರ್ಧ ನಿಮಿಷ ಹಾಳಾಗುತ್ತಿತ್ತು. ಐದನ್ನು ಮೂರಕ್ಕೆ ಇಳಿಸಿದ ಮೇಲೆ ಸರಿಹೋಯಿತು. ಕ್ಲೋಸಿಂಗ್ ತಂಡದಲ್ಲಿ (ಒಂದೇ ಪಕ್ಷದ ಎರಡು ತಂಡಗಳಲ್ಲಿ ನಂತರ ಮಾತಾಡುವುದು) ಇದ್ದಾಗ ಮಾತ್ರ ಪೂರ್ತಿ ಐದು ಕೊಡುತ್ತೇವೆ, ಅಲ್ಲಿ ಎಕ್ಸ್‌ಟೆನ್ಶನ್ (ಮೊದಲ ತಂಡ ಹೇಳದ ಹೊಸ ವಾದ) ಹುಡುಕಲು ಆ ಜಗಳವೇ ಬೇಕು. ಕನ್ನಡ ಅಥವಾ ಮರಾಠಿ ಮಾಧ್ಯಮದಲ್ಲಿ ಓದಿದವರಿದ್ದರೆ ನೋಂದಣಿ ಹೊತ್ತಿಗೇ ಇಎಸ್‌ಎಲ್ (ಇಂಗ್ಲಿಷ್ ಎರಡನೆಯ ಭಾಷೆಯಾದವರ ವಿಭಾಗ) ಅರ್ಜಿ ಹಾಕಿಸಿ. ಅದಕ್ಕೆ ಬೇರೆಯೇ ಬ್ರೇಕ್ ಇದೆ, ಸಂಕೋಚದಿಂದ ಬಿಟ್ಟುಕೊಡುವವರೇ ಹೆಚ್ಚು.

ವಾಪಸು ಬಂದ ಹದಿನೈದು ದಿನದೊಳಗೆ ಎರಡು ಹಾಳೆ ತಯಾರಾಗಬೇಕು: ರಿಂಗಿಟ್ ಲೆಕ್ಕದ ಖರ್ಚುಪಟ್ಟಿ, ಪ್ರತಿ ಸುತ್ತಿನ ಮೋಷನ್ ಮತ್ತು ಫೀಡ್‌ಬ್ಯಾಕ್. ಜಾಹೀರಾತು ಕೊಟ್ಟ ಪ್ರತಿಯೊಬ್ಬರಿಗೂ ಹುಡುಗರೇ ಹೋಗಿ ಕೈಯಲ್ಲಿ ಕೊಡಬೇಕು. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅವತ್ತೇ ಮುಂದಿನ ವರ್ಷದ ಪುಟ ಬರೆಸಿದರು.