ಮೇಜಿನ ಮೇಲೆ ಲಾಸ್ ಏಂಜಲೀಸ್–ನ್ಯೂಯಾರ್ಕ್: ಎ320ನಲ್ಲಿ ಐದು ಗಂಟೆಯ ಲೆಕ್ಕ

ಬೆಂಗಳೂರಿನಿಂದ ಮಂಗಳೂರಿಗೆ ಸಿಮ್‌ನಲ್ಲಿ (ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್) ಹಾರುವಾಗ ಎಂಸಿಡಿಯುಗೆ (ದಾರಿ, ಇಂಧನದ ಲೆಕ್ಕ ಇಡುವ ವಿಮಾನದ ಕಂಪ್ಯೂಟರ್) ಗಾಳಿಯ ಅಂಕಿ ತುಂಬದಿದ್ದರೂ ನಡೆದುಹೋಗುತ್ತದೆ. ತಪ್ಪು ಬೆಳೆಯುವಷ್ಟು ಹೊತ್ತೇ ಅಲ್ಲಿ ಇರುವುದಿಲ್ಲ. ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕಿನ ಜೆಎಫ್‌ಕೆ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿ ಹಾಗಲ್ಲ. ಗೇಟಿನಲ್ಲಿ ಕೂತಾಗ ಬಿಟ್ಟ ಒಂದು ಅಂಕಿ ಐದನೇ ಗಂಟೆಯಲ್ಲಿ ಸಾವಿರಾರು ಕಿಲೋ ಇಂಧನದ ವ್ಯತ್ಯಾಸವಾಗಿ ಎದುರು ನಿಲ್ಲುತ್ತದೆ. ಈ ದಾರಿ ನನಗೆ ಇಷ್ಟವಾಗುವುದೂ ಅದೇ ಕಾರಣಕ್ಕೆ. ಇಲ್ಲಿ ಬರೆದಿರುವುದು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಫ್ಲೈಬೈವೈರ್ ತಂಡದ ಉಚಿತ ಏರ್‌ಬಸ್ ಎ320ನಿಯೋ ವಿಮಾನ ಹಾರಿಸುವ ನನ್ನ ಕ್ರಮ.

ನೇರ ಅಳತೆಯಲ್ಲಿ ದೂರ ಸುಮಾರು 2,150 ನಾಟಿಕಲ್ ಮೈಲು, ಅಂದರೆ ಹೆಚ್ಚುಕಡಿಮೆ 4,000 ಕಿ.ಮೀ. ನಿಜವಾದ ದಾರಿ ಹಿಡಿದರೆ 2,200 ದಾಟುತ್ತದೆ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಬೆನ್ನಿಗಿದ್ದರೆ ಗಾಳಿಯಲ್ಲಿ 4 ಗಂಟೆ 40 ನಿಮಿಷದ ಆಸುಪಾಸು.

ಮೊದಲು ಹೊತ್ತು ಗೊತ್ತು ಮಾಡಿಕೊಳ್ಳಬೇಕು. ಬೇಸಿಗೆಯಲ್ಲಿ ನಮ್ಮ ರಾತ್ರಿ 8 ಗಂಟೆಗೆ ಲಾಸ್ ಏಂಜಲೀಸ್‌ನಲ್ಲಿ ಬೆಳಗ್ಗೆ 7.30. ಆಗ ಗೇಟು ಬಿಟ್ಟರೆ ಜೆಎಫ್‌ಕೆಯಲ್ಲಿ ಚಕ್ರ ತಾಗುವುದು ನಮ್ಮ ಗಡಿಯಾರದಲ್ಲಿ ರಾತ್ರಿ 1ರ ಸುಮಾರಿಗೆ, ಅಲ್ಲಿ ಮಧ್ಯಾಹ್ನ 3.30. ಲೈವ್ ವೆದರ್ ಹಾಕಿಕೊಂಡರೆ ಬೆಳಗಿನ ಕಡಲ ಮಂಜಿನಿಂದ ಹೊರಟು ಮಧ್ಯಾಹ್ನದ ಗುಡುಗು ಮೋಡಗಳಲ್ಲಿ ಇಳಿಯುವ ಸಂಭವವೇ ಹೆಚ್ಚು. ವ್ಯಾಟ್‌ಸಿಮ್‌ನಲ್ಲಿ (ಸಿಮ್ ಹಾರಿಸುವವರೂ ಸ್ವಯಂಸೇವಕ ಕಂಟ್ರೋಲರುಗಳೂ ಸೇರುವ ಆನ್‌ಲೈನ್ ಜಾಲ) ನ್ಯೂಯಾರ್ಕಿನ ಕಂಟ್ರೋಲರುಗಳ ದನಿ ಕೇಳಬೇಕೆಂದರೆ ಈ ಹೊತ್ತು ಒಗ್ಗುವುದಿಲ್ಲ. ಅವರು ಹೆಚ್ಚಾಗಿ ಸಿಗುವುದು ಅಲ್ಲಿನ ಸಂಜೆ, ಅಂದರೆ ನಮ್ಮ ನಸುಕು. ಅದಕ್ಕೆ ಮಧ್ಯರಾತ್ರಿ 12.30ರ ಸುಮಾರಿಗೆ ಹೊರಡಬೇಕು.

ಇಂಧನದ ವಿಷಯಕ್ಕೆ ಬರೋಣ. ಸಿಂಬ್ರೀಫ್‌ನಲ್ಲಿ (ಹಾರಾಟದ ಯೋಜನೆ ಮಾಡಿಕೊಡುವ ಜಾಲತಾಣ) ಯೋಜನೆ ತಯಾರಾದ ಮೇಲೆ ಅದು ಕೊಟ್ಟ ಒಟ್ಟು ಮೊತ್ತವನ್ನಷ್ಟೇ ನೋಡಿ ಮುಂದೆ ಹೋಗಬೇಡಿ, ಬಿಡಿಸಿ ಓದಿ. ಪ್ರಯಾಣಿಕರು, ಸಾಮಾನು ಸೇರಿ ಇಂಧನವಿಲ್ಲದ ತೂಕ 60,000 ಕೆಜಿ ಎಂದಿಟ್ಟುಕೊಂಡರೆ ನನ್ನ ಸಾಮಾನ್ಯ ಲೆಕ್ಕ ಹೀಗಿರುತ್ತದೆ: ದಾರಿಗೆ 11,000 ಕೆಜಿ, ಅದರ ಶೇ. 5 ಅಂದರೆ 550 ಹೆಚ್ಚುವರಿ, ಬದಲಿ ನಿಲ್ದಾಣ ಫಿಲಡೆಲ್ಫಿಯಾಗೆ 1,300, ಕೊನೆಯ ಮೀಸಲು 1,700, ಟ್ಯಾಕ್ಸಿಗೆ 300. ಒಟ್ಟು 14,850. ಅಮೆರಿಕದ ಒಳನಾಡು ವಿಮಾನಗಳಿಗೆ ಮೀಸಲು 45 ನಿಮಿಷದ್ದಿರಬೇಕು ಎಂಬುದು ಅಲ್ಲಿನ ನಿಯಮ. ಸಿಂಬ್ರೀಫ್‌ನಲ್ಲಿ 30 ನಿಮಿಷ ಆಯ್ಕೆಯಾಗಿದ್ದರೆ 45ಕ್ಕೆ ಬದಲಾಯಿಸಿ. ಇಳಿಯುವ ಸಮಯಕ್ಕೆ ಒಂದು ಗಂಟೆ ಮೊದಲಿನಿಂದ ಒಂದು ಗಂಟೆ ನಂತರದವರೆಗೆ ಮೋಡದ ತಳ 2,000 ಅಡಿ, ದೃಷ್ಟಿ 3 ಮೈಲು ಇರುತ್ತದೆಂದು ಮುನ್ಸೂಚನೆ ಇದ್ದರೆ ಬದಲಿ ನಿಲ್ದಾಣ ಬೇಕಿಲ್ಲ ಎನ್ನುತ್ತದೆ ಅದೇ ನಿಯಮ. ಆದರೂ ಜೆಎಫ್‌ಕೆಗೆ ಬದಲಿ ಇಲ್ಲದೆ ನಾನು ಹೊರಡುವುದಿಲ್ಲ.

ಈ ವಿಮಾನದ ಟೇಕಾಫ್ ಮಿತಿ 79,000 ಕೆಜಿ, ಲ್ಯಾಂಡಿಂಗ್ ಮಿತಿ 67,400. ಮೇಲಿನ ಲೆಕ್ಕದಲ್ಲಿ ಏರುವಾಗ 74,500, ಇಳಿಯುವಾಗ 63,500. ಎರಡೂ ಮಿತಿಯೊಳಗೇ ಇವೆ. "ಇರಲಿ" ಎಂದು ಟ್ಯಾಂಕ್ ತುಂಬಿಸುವುದು ಎಲ್ಲರೂ ಮಾಡುವ ತಪ್ಪು. ನಾಲ್ಕು ಟನ್ ಹೆಚ್ಚು ಹೊತ್ತರೆ ಮೊದಲ ಎರಡು ಮೂರು ಗಂಟೆ ಎತ್ತರ ಸಿಗುವುದಿಲ್ಲ, ಕೆಳಗೆ ಹಾರಿದ್ದಕ್ಕೆ ಇನ್ನಷ್ಟು ಇಂಧನ ಸುಡುತ್ತದೆ, ಇಳಿಯುವ ತೂಕ ಮಿತಿಯ ಮೇಲಕ್ಕೆ ಸರಿಯುತ್ತದೆ.

ದಾರಿ ತುಂಬುವಾಗ ಏರಾಕ್ (ನ್ಯಾವಿಗೇಶನ್ ಮಾಹಿತಿಯ ಆವೃತ್ತಿ) ನೋಡಿಕೊಳ್ಳಿ. ನ್ಯಾವಿಗೇಶನ್ ಮಾಹಿತಿ 28 ದಿನಕ್ಕೊಮ್ಮೆ ಹೊಸದಾಗುತ್ತದೆ. ಚಂದಾ ಇಲ್ಲದ ಸಿಂಬ್ರೀಫ್ ಹಳೆಯ ಏರಾಕ್ ಮೇಲೆ ಯೋಜನೆ ಹಾಕುತ್ತದೆ, ಸಿಮ್‌ನಲ್ಲಿ ಇರುವುದು ಹೊಸದು. ಹಾಗಾಗಿ ಹೊರಡುವ ದಾರಿಯ ಅಥವಾ ಜೆಎಫ್‌ಕೆಗೆ ಪಶ್ಚಿಮದಿಂದ ತರುವ ಲೆಂಡಿ ಎಂಬ ಆಗಮನ ದಾರಿಯ ಹೆಸರಿನ ಕೊನೆಯ ಅಂಕಿ ಹೊಂದದೇ ಹೋಗಬಹುದು. ಹೆಸರು ಅದೇ ಇದ್ದು ಅಂಕಿ ಮಾತ್ರ ಬದಲಾಗಿದ್ದರೆ ಎಂಸಿಡಿಯುನಲ್ಲಿ ಇರುವುದನ್ನೇ ಆರಿಸಿ. ಹೆಸರೇ ಇಲ್ಲದಿದ್ದರೆ ಬಿಂದುಗಳನ್ನು ಒಂದೊಂದಾಗಿ ಕೈಯಲ್ಲಿ ತುಂಬಬೇಕು.

ಎಂಸಿಡಿಯುನ ಇನಿಟ್ ಪುಟದಲ್ಲಿ ಇನಿಟ್ ರಿಕ್ವೆಸ್ಟ್ ಒತ್ತಿದರೆ ಸಿಂಬ್ರೀಫ್‌ನ ದಾರಿ ತಾನಾಗಿ ಬರುತ್ತದೆ. ಬಂದದ್ದನ್ನು ನಂಬಿ ಬಿಡಬಾರದು. ನ್ಯಾವಿಗೇಶನ್ ಪರದೆಯನ್ನು ಪ್ಲಾನ್ ಮೋಡ್‌ಗೆ ತಿರುಗಿಸಿ, ಎಫ್-ಪ್ಲಾನ್ ಪುಟವನ್ನು (ದಾರಿಯ ಬಿಂದುಗಳ ಪಟ್ಟಿ) ಮೊದಲಿನಿಂದ ಕೊನೆಯವರೆಗೆ ಸರಿಸುತ್ತ ಗೆರೆ ಎಲ್ಲಾದರೂ ಹಿಂದಕ್ಕೆ ಮಡಚಿದೆಯೇ, ತುಂಡಾಗಿದೆಯೇ ನೋಡಿ. ತುಂಡಾದ ಜಾಗವೇ ಡಿಸ್ಕಂಟಿನ್ಯುಟಿ. ವಿಮಾನ ಅಲ್ಲಿಗೆ ತಲುಪಿದಾಗ ದಾರಿ ಹಿಡಿದು ಹೋಗುವ ನ್ಯಾವ್ ಮೋಡ್ ಕಳಚಿ, ಇದ್ದ ದಿಕ್ಕಿನಲ್ಲೇ ಹೋಗುತ್ತಿರುತ್ತದೆ. ನೀವು ಅಡುಗೆಮನೆಯಲ್ಲಿದ್ದರೆ ಯೂಟಾದಲ್ಲಿ ತಿರುಗಬೇಕಾದ ವಿಮಾನ ಎಲ್ಲಿಗೋ ಹೋಗಿರುತ್ತದೆ. ಕೊನೆಯಲ್ಲಿ ಎಂಸಿಡಿಯು ತೋರಿಸುವ ಒಟ್ಟು ದೂರವನ್ನು ಸಿಂಬ್ರೀಫ್ ಹಾಳೆಯದಕ್ಕೆ ಹೋಲಿಸಿ. ಇಪ್ಪತ್ತು ಮೂವತ್ತು ಮೈಲಿನ ವ್ಯತ್ಯಾಸ ರನ್‌ವೇ ಬದಲಾವಣೆಯಿಂದ ಬರಬಹುದು. ಇನ್ನೂರು ಬಂದರೆ ಒಂದು ಬಿಂದು ತಪ್ಪಾಗಿದೆ ಎಂದೇ ಅರ್ಥ.

ಇನ್ನು ಗಾಳಿ. ಬೆನ್ನಿಗೆ ಸರಾಸರಿ 80 ನಾಟ್ (ಗಂಟೆಗೆ 80 ನಾಟಿಕಲ್ ಮೈಲು) ಗಾಳಿ ಇರುವ ದಿನ ಅದನ್ನು ತುಂಬದೇ ಬಿಟ್ಟರೆ ಎಂಸಿಡಿಯು ವಿಮಾನ 450 ನಾಟ್‌ನಲ್ಲೇ ಸಾಗುತ್ತದೆಂದು ಎಣಿಸುತ್ತದೆ. ನಿಜದಲ್ಲಿ ಅದು 530ರಲ್ಲಿ ಓಡುತ್ತಿರುತ್ತದೆ. ದಾರಿಯುದ್ದಕ್ಕೂ ಸೇರಿ ಮುಕ್ಕಾಲು ಗಂಟೆಯ ವ್ಯತ್ಯಾಸ, ಇಂಧನದಲ್ಲಿ ಸುಮಾರು 1,700 ಕೆಜಿ. ಗೇಟಿನಲ್ಲೇ "ಇಂಧನ ಸಾಲದು" ಎಂಬ ಭ್ರಮೆ ಹುಟ್ಟಿ, ಬೇಡದ್ದನ್ನು ತುಂಬಿಸಿಕೊಳ್ಳುವುದು ಹೀಗೆಯೇ. ಅದಕ್ಕಿಂತ ಕೆಟ್ಟ ಪರಿಣಾಮ ಕೊನೆಯಲ್ಲಿದೆ: ಗಾಳಿ ಗೊತ್ತಿಲ್ಲದ ಎಂಸಿಡಿಯು ಇಳಿಯಲು ತೊಡಗುವ ಬಿಂದುವನ್ನು ತಡವಾಗಿ ಗುರುತಿಸುತ್ತದೆ. ಬೆನ್ನ ಗಾಳಿ ತಳ್ಳುತ್ತಿರುವ ವಿಮಾನ ಎತ್ತರದಲ್ಲೂ ವೇಗದಲ್ಲೂ ಹೆಚ್ಚಾಗಿ ಬಂದು ಲೆಂಡಿಯ ಮೇಲೆ ಬೀಳುತ್ತದೆ. ಆದ್ದರಿಂದ ಏರುವಾಗಿನದು, ಕ್ರೂಸ್‌ನದು (ಎತ್ತರದಲ್ಲಿ ಸಮವಾಗಿ ಸಾಗುವಾಗಿನದು), ಇಳಿಯುವಾಗಿನದು, ಮೂರೂ ಗಾಳಿ ತುಂಬದೆ ನಾನು ಪುಷ್‌ಬ್ಯಾಕ್ (ಗೇಟಿನಿಂದ ವಿಮಾನವನ್ನು ಹಿಂದಕ್ಕೆ ತಳ್ಳುವುದು) ಕೇಳುವುದಿಲ್ಲ.

ಥ್ರಾಟಲ್ (ಎಂಜಿನ್ ಶಕ್ತಿಯ ಲಿವರ್) ಕ್ಯಾಲಿಬ್ರೇಶನ್ ಇದೇ ಹೊತ್ತಿನ ಕೆಲಸ. ಫ್ಲೈಪ್ಯಾಡ್‌ನಲ್ಲಿ (ಕಾಕ್‌ಪಿಟ್‌ನ ಟ್ಯಾಬ್ಲೆಟ್) ಐಡಲ್ (ಕನಿಷ್ಠ), ಸಿಎಲ್ (ಏರುವ ಶಕ್ತಿ), ಫ್ಲೆಕ್ಸ್ (ತಗ್ಗಿಸಿದ ಟೇಕಾಫ್ ಶಕ್ತಿ), ಟೋಗಾ (ಪೂರ್ಣ ಶಕ್ತಿ) ಈ ನಾಲ್ಕು ಮೆಟ್ಟಿಲುಗಳಿಗೂ ಲಿವರ್ ಇಟ್ಟು ಉಳಿಸಿಕೊಳ್ಳಬೇಕು. ಅಗ್ಗದ ಲಿವರ್‌ನ ಪೊಟೆನ್ಶಿಯೋಮೀಟರ್ ಒಂದೇ ಕಡೆ ನಿಂತಿದ್ದರೂ ಒಂದೆರಡು ಅಂಕಿ ಅಲುಗುತ್ತದೆ. ಅದಕ್ಕೆ ಸಿಎಲ್‌ನ ಎರಡೂ ಬದಿ ಸ್ವಲ್ಪ ಜಾಗ ಬಿಡಿ. ಇಲ್ಲದಿದ್ದರೆ ಎಲ್‌ವಿಆರ್ ಸಿಎಲ್‌ಬಿ (ಲಿವರನ್ನು ಸಿಎಲ್‌ಗೆ ತನ್ನಿ) ಎಂಬ ಸೂಚನೆ ಐದು ಗಂಟೆಯೂ ಆಗಾಗ ಮಿನುಗಿ ಕಾಡುತ್ತದೆ.

ಕಂಪ್ಯೂಟರಿನ ಸಿದ್ಧತೆಯೂ ಇಂಧನದಷ್ಟೇ ಮುಖ್ಯ. ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ಮತ್ತು ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎರಡನ್ನೂ ಆಫ್ ಮಾಡಿ. ಎರಡು ಗಂಟೆ ಕೈ ತಾಗದ ಸೈಡ್‌ಸ್ಟಿಕ್ (ಜಾಯ್‌ಸ್ಟಿಕ್) ಮಲಗಿಬಿಟ್ಟರೆ ನಿಮಗೆ ಗೊತ್ತಾಗುವುದು 500 ಅಡಿಯಲ್ಲಿ ಆಟೋಪೈಲಟ್ ಬಿಡಿಸಿದಾಗ. ಫ್ರೇಮ್ ರೇಟನ್ನು 30ಕ್ಕೆ ಕಟ್ಟಿಹಾಕಿದರೆ ಗ್ರಾಫಿಕ್ಸ್ ಕಾರ್ಡ್ ಬಿಸಿಯಾಗುವುದು ಬಹಳ ಕಡಿಮೆಯಾಗುತ್ತದೆ, ಕ್ರೂಸ್‌ನಲ್ಲಿ ಅದಕ್ಕಿಂತ ಹೆಚ್ಚು ಬೇಕಾಗಿಯೂ ಇಲ್ಲ. ಕರೆಂಟು ಹೋಗುವ ಊರಿನಲ್ಲಿದ್ದರೆ ಯುಪಿಎಸ್ ಬೇಕೇ ಬೇಕು. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ 600 ವಿಎ ಯುಪಿಎಸ್ 360 ವಾಟ್‌ನಷ್ಟೇ ಹೊರುವಂಥದ್ದು. ಸಿಮ್ ಓಡಿಸುವ ಕಂಪ್ಯೂಟರ್ ಅದಕ್ಕಿಂತ ಹೆಚ್ಚು ಎಳೆದರೆ ಅದು ಆ ಕ್ಷಣವೇ ಟ್ರಿಪ್ ಆಗುತ್ತದೆ. ರೌಟರಿಗೂ ಯುಪಿಎಸ್ ಕೊಡಿ. ಸೀನರಿ ಇಂಟರ್ನೆಟ್‌ನಿಂದ ಹರಿದು ಬರುವುದು, ನಿಂತರೆ ಕೆಳಗಿನ ನೆಲ ಮಸುಕಾಗುತ್ತದೆ, ಲೈವ್ ವೆದರ್ ಕೂಡ ಕೈಕೊಡುತ್ತದೆ.

ಲಾಸ್ ಏಂಜಲೀಸ್‌ನಲ್ಲಿ ಸಾಮಾನ್ಯವಾಗಿ ಏರುವುದು ಒಳಗಿನ ರನ್‌ವೇಗಳಿಂದ, 24ಎಲ್ ಅಥವಾ 25ಆರ್ (ಎಲ್ ಎಂದರೆ ಎಡ, ಆರ್ ಎಂದರೆ ಬಲ). ಹೊರಗಿನ ಎರಡು ಇಳಿಯುವವರಿಗೆ. ಪಶ್ಚಿಮಕ್ಕೆ ಸಮುದ್ರದ ಮೇಲೆ ಏರಿ, ಸುತ್ತು ಹೊಡೆದು ಪೂರ್ವಕ್ಕೆ ತಿರುಗಬೇಕು. 10,000 ಅಡಿಯ ಕೆಳಗೆ 250 ನಾಟ್ ಮೀರುವಂತಿಲ್ಲ. 18,000 ಅಡಿ ದಾಟುವಾಗ ಆಲ್ಟಿಮೀಟರ್ (ಎತ್ತರ ಮಾಪಕ) ಸ್ಟ್ಯಾಂಡರ್ಡ್ ಒತ್ತಡಕ್ಕೆ. ಅಮೆರಿಕದಲ್ಲಿ ಎಲ್ಲೆಡೆ ಇದು 18,000ವೇ, ನಮ್ಮಲ್ಲಿಯಂತೆ ಊರಿಗೊಂದು ಎತ್ತರವಲ್ಲ.

ಪೂರ್ವಕ್ಕೆ ಹೋಗುವವರಿಗೆ ಬೆಸ ಮಟ್ಟಗಳು: ಎಫ್‌ಎಲ್ 330 (ಅಂದರೆ 33,000 ಅಡಿ), 350, 370, 390. ಈ ತೂಕಕ್ಕೆ ನಾನು 350ರಿಂದ ಶುರು ಮಾಡಿ, ಎರಡು ಗಂಟೆಯ ಇಂಧನ ಉರಿದ ಮೇಲೆ 370ಕ್ಕೆ ಏರುತ್ತೇನೆ. ಎಂಸಿಡಿಯುನ ಪ್ರಾಗ್ ಪುಟದಲ್ಲಿ ಆಪ್ಟ್ (ಅತ್ಯುತ್ತಮ ಎತ್ತರ) ಮತ್ತು ರೆಕ್ ಮ್ಯಾಕ್ಸ್ (ಶಿಫಾರಸಿನ ಗರಿಷ್ಠ ಎತ್ತರ) ಎರಡೂ ಕಾಣುತ್ತವೆ. ರೆಕ್ ಮ್ಯಾಕ್ಸ್ ತೋರಿದೊಡನೆ ಅಲ್ಲಿಗೆ ಹಾರಬೇಡಿ, ಅಲ್ಲಿ ಕನಿಷ್ಠ ವೇಗಕ್ಕೂ ಗರಿಷ್ಠ ವೇಗಕ್ಕೂ ನಡುವಿನ ಪಟ್ಟಿ ತೀರಾ ಕಿರಿದು. ರಾಕಿ ಪರ್ವತಗಳ ಮೇಲೆ ಗಾಳಿ ಏರಿಳಿದರೆ ವೇಗದ ಸೂಚಿ ಎರಡೂ ಕೆಂಪಿಗೆ ತಾಗುತ್ತದೆ.

ಕ್ರೂಸ್‌ನಲ್ಲಿ ಕೆಲಸವಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅರ್ಧ ಗಂಟೆಗೊಮ್ಮೆ ಬಿಂದುವಿನ ಹೆಸರು, ಸಮಯ, ಉಳಿದ ಇಂಧನ, ಗಾಳಿ ಇಷ್ಟನ್ನು ಸಿಂಬ್ರೀಫ್ ಹಾಳೆಯ ಪಕ್ಕದಲ್ಲೇ ಪೆನ್ಸಿಲಿನಲ್ಲಿ ಬರೆಯುತ್ತೇನೆ. ಒಮ್ಮೆ 200 ಕೆಜಿ ಕಡಿಮೆ ಕಂಡರೆ ಚಿಂತೆಯಿಲ್ಲ. ಮೂರು ಸಲವೂ ಕೊರತೆ ಬೆಳೆಯುತ್ತಿದ್ದರೆ ಕಾರಣ ಹುಡುಕಬೇಕು: ಗಾಳಿ ಯೋಜನೆಯಂತಿಲ್ಲ, ಎತ್ತರ ಕಡಿಮೆ, ಇಲ್ಲವೇ ಎಂಜಿನ್ ಆಂಟಿ-ಐಸ್ (ಹಿಮ ಕಟ್ಟದಂತೆ ತಡೆಯುವ ವ್ಯವಸ್ಥೆ) ಆಫ್ ಮಾಡಲು ಮರೆತಿದೆ. ಈ ಟಿಪ್ಪಣಿಗೆ ಇನ್ನೊಂದು ಉಪಯೋಗವಿದೆ. ಸಿಮ್ ನಾಲ್ಕನೇ ಗಂಟೆಯಲ್ಲಿ ಮುಚ್ಚಿಹೋದರೆ, ಉಳಿಸಿಟ್ಟ ಫೈಲ್‌ನಿಂದ ವಿಮಾನ ಇದ್ದ ಜಾಗ ಮರಳಿ ಸಿಕ್ಕರೂ ಎಂಸಿಡಿಯುನಲ್ಲಿ ತುಂಬಿದ್ದು ಮರಳುವುದನ್ನು ನೆಚ್ಚಿಕೊಳ್ಳುವಂತಿಲ್ಲ. ಕಾಗದದಲ್ಲಿ ಬಿಂದು, ಎತ್ತರ, ಇಂಧನ ಇದ್ದರೆ ಆಕಾಶದಲ್ಲೇ ಶುರು ಮಾಡಿ ಹತ್ತು ನಿಮಿಷದಲ್ಲಿ ಪುನಃ ಕಟ್ಟಿಕೊಳ್ಳಬಹುದು.

ನಡುವೆ ಎದ್ದು ಹೋಗಬೇಕಾದರೆ ಪೂರ್ಣ ಪಾಸ್ (ಸಿಮ್ ಪೂರ್ತಿ ತಡೆದು ನಿಲ್ಲಿಸುವುದು) ಬಳಸಿ. ಆಕ್ಟಿವ್ ಪಾಸ್‌ನಲ್ಲಿ ವಿಮಾನ ನಿಂತಲ್ಲೇ ನಿಂತರೂ ಇಂಧನ ಉರಿಯುತ್ತಲೇ ಇರುತ್ತದೆ, ಬಿಟ್ಟಾಗ ಆಟೋಪೈಲಟ್ ಜಗ್ಗುತ್ತದೆ. ಸಮಯ ಓಡಿಸುವ ಸಿಮ್ ರೇಟನ್ನು ನೇರ ಹಾದಿಯಲ್ಲಿ 2ಕ್ಕೆ ಇಡಬಹುದು, 4 ದಾಟಬೇಡಿ, ತಿರುವಿಗೆ 20 ಮೈಲು ಮುಂಚೆ 1ಕ್ಕೆ ತನ್ನಿ. ವ್ಯಾಟ್‌ಸಿಮ್‌ನಲ್ಲಿದ್ದರೆ ಸಮಯ ಓಡಿಸುವ ಮಾತೇ ಇಲ್ಲ. ಅಲ್ಲಿ 30 ನಿಮಿಷಕ್ಕಿಂತ ಹೆಚ್ಚು ವಿಮಾನವನ್ನು ಒಂಟಿಯಾಗಿ ಬಿಡುವಂತೆಯೂ ಇಲ್ಲ.

ಇಳಿತಕ್ಕೆ 200 ಮೈಲು ಇರುವಾಗಲೇ ಜೆಎಫ್‌ಕೆ ಹವಾಮಾನ ತೆಗೆದು, ರನ್‌ವೇ, ಒತ್ತಡ, ಕನಿಷ್ಠ ಎತ್ತರ ಎಲ್ಲವನ್ನೂ ಎಂಸಿಡಿಯುನ ಪರ್ಫ್ ಪುಟದಲ್ಲಿ ತುಂಬಿ ಮುಗಿಸಿ. ಲೆಂಡಿ ಬಿಂದುವನ್ನು ಎಫ್‌ಎಲ್ 190ರಲ್ಲಿ ದಾಟಬೇಕು. 370ರಿಂದ 190ಕ್ಕೆ 18,000 ಅಡಿ. ಸಾವಿರ ಅಡಿಗೆ 3 ಮೈಲಿನಂತೆ 54 ಮೈಲು, ಬೆನ್ನ ಗಾಳಿಗೆ ಇನ್ನೊಂದು ಹತ್ತು. ಅಂದರೆ ಲೆಂಡಿಗೆ 65 ಮೈಲು ಇರುವಾಗ ಇಳಿಯಲು ತೊಡಗಿದರೆ ಸರಿ. ನೆಲದ ವೇಗವನ್ನು 5ರಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟಡಿ ಇಳಿಯಬೇಕು ಸಿಗುತ್ತದೆ: 500 ನಾಟ್‌ಗೆ 2,500 ಅಡಿ. ಏರ್‌ಬಸ್ ಇಳಿತದ ಬಿಂದು ಬಂತೆಂದು ತಾನಾಗಿ ಇಳಿಯುವುದಿಲ್ಲ. ಎಫ್‌ಸಿಯುನಲ್ಲಿ (ಆಟೋಪೈಲಟ್‌ನ ಗುಂಡಿಗಳ ಫಲಕ) ಕೆಳಗಿನ ಎತ್ತರ ತಿರುಗಿಸಿ ಗುಂಡಿ ಒತ್ತಬೇಕು. ಇಲ್ಲವಾದರೆ ಡಿಸೆಲರೇಟ್ ಎಂಬ ಸೂಚನೆ ತೋರಿಸುತ್ತ 37,000 ಅಡಿಯಲ್ಲೇ ನ್ಯೂಯಾರ್ಕ್ ದಾಟುತ್ತದೆ.

ಮತ್ತೆ 18,000 ಅಡಿಯಲ್ಲಿ ಒತ್ತಡ ತುಂಬುವಾಗ ಗುಂಡಿಯನ್ನು ಹೆಕ್ಟೋಪ್ಯಾಸ್ಕಲ್‌ನಿಂದ ಇಂಚಿಗೆ ತಿರುಗಿಸಿ. ಇಲ್ಲಿ ಒತ್ತಡ ಹೇಳುವುದು 29.92ರಂಥ ಇಂಚುಗಳ ಭಾಷೆಯಲ್ಲಿ. 29.85ನ್ನು 29.95 ಎಂದು ಇಟ್ಟರೆ ವಿಮಾನ ತೋರಿಸುವುದಕ್ಕಿಂತ ಸುಮಾರು 100 ಅಡಿ ಕೆಳಗಿರುತ್ತದೆ.

ಇದೇ ಹೊತ್ತಿಗೆ ಟೆರೇನ್ ಲೆವೆಲ್ ಆಫ್ ಡೀಟೇಲ್ (ನೆಲದ ವಿವರ ಎಷ್ಟು ಕಾಣಬೇಕೆಂಬ ಸೆಟ್ಟಿಂಗ್) 200ರಲ್ಲಿದ್ದರೆ 100ಕ್ಕೆ ಇಳಿಸುತ್ತೇನೆ. ಮ್ಯಾನ್‌ಹಟನ್‌ನ ಫೋಟೋಗ್ರಾಮೆಟ್ರಿ (ಫೋಟೋಗಳಿಂದ ಕಟ್ಟಿದ ಮೂರು ಆಯಾಮದ ನಗರ) ಮತ್ತು ಜೆಎಫ್‌ಕೆ ಎರಡೂ ಒಟ್ಟಿಗೆ ಮೆಮೊರಿಗೆ ಬರುವುದು ಈಗ. ಬಡಿದಾಡಿ ನಾಲ್ಕೂವರೆ ಗಂಟೆ ಬಂದ ಹಾರಾಟ ಮುರಿದುಬೀಳುವ ಅಪಾಯ ಹೆಚ್ಚಿರುವುದೂ ಇಲ್ಲೇ.

ಲೆಂಡಿ ಆಗಮನದ ಕೊನೆಯಲ್ಲಿ ರಡಾರ್ ವೆಕ್ಟರ್‌ಗಳಿವೆ, ಅಂದರೆ ಕಂಟ್ರೋಲರು ಹೇಳುವ ದಿಕ್ಕುಗಳು. ಎಟಿಸಿ (ಕಂಟ್ರೋಲರು) ಇಲ್ಲದಿದ್ದರೆ ಹೆಡಿಂಗ್ ಮೋಡ್‌ನಲ್ಲಿ ನೀವೇ ಐಎಲ್‌ಎಸ್ (ರನ್‌ವೇಗೆ ದಾರಿ ತೋರುವ ರೇಡಿಯೋ ಸಂಕೇತ) ರೇಖೆಯತ್ತ ತರಬೇಕು. 22ಎಲ್‌ಗೆ ಬರುವಾಗ ರನ್‌ವೇಗೆ 12 ಮೈಲು ಹೊರಗೆ, 3,000 ಅಡಿಯ ಹತ್ತಿರ ರೇಖೆ ಸೇರುವಂತೆ ನೋಡಿಕೊಳ್ಳುತ್ತೇನೆ. ಎಲ್‌ಎಸ್ ಗುಂಡಿ ಒತ್ತಲು ಮರೆತರೆ ಗ್ಲೈಡ್‌ಸ್ಲೋಪ್ (ಇಳಿಜಾರಿನ ದಾರಿ) ಮಾಪಕವೇ ಪರದೆಯಲ್ಲಿ ಬರುವುದಿಲ್ಲ. ಫ್ಲಾಪ್ ಮಿತಿಗಳು 230, 200, 185, 177 ನಾಟ್. 63 ಟನ್ ಚಿಲ್ಲರೆಗೆ ಕೊನೆಯ ವೇಗ 135ರ ಆಚೀಚೆ. 22ಎಲ್ ಉದ್ದ 8,400 ಅಡಿ, ಆಟೋಬ್ರೇಕ್ ಮೆಡ್ (ಮಧ್ಯಮ) ಸಾಕು. ಆಗ್ನೇಯದ ಗಾಳಿ ಬಂದು 13ಎಲ್ ಸಿಕ್ಕರೆ ಅದು ಕನಾರ್ಸಿ ಅಪ್ರೋಚ್ ಮಾಡುವ ದಿನ: ಆಟೋಪೈಲಟ್ ಬಿಡಿಸಿ, ನೆಲದ ದಾರಿದೀಪಗಳನ್ನು ಹಿಡಿದು, ತೀರಾ ಕೆಳಗಿನ ಎತ್ತರದಲ್ಲಿ ಬಲಕ್ಕೆ ಸುಮಾರು 90 ಡಿಗ್ರಿ ತಿರುಗಿ ರನ್‌ವೇಗೆ ಸೇರಬೇಕು. ಐದು ಗಂಟೆ ಕೂತು ದಣಿದ ಕೈಗೆ ಅದು ಸುಲಭವಲ್ಲ, ಆದರೆ ಇಡೀ ದಾರಿಯಲ್ಲಿ ನನಗೆ ಅತಿ ಪ್ರಿಯವಾದ ಮೂರು ನಿಮಿಷ ಅದೇ.

ಗೇಟಿನಲ್ಲಿ ಎಂಜಿನ್ ಆರಿಸುವ ಮುನ್ನ ಉಳಿದ ಇಂಧನ ಬರೆದುಕೊಳ್ಳಿ. ಮೇಲಿನ ಲೆಕ್ಕದಲ್ಲಿ 3,500 ಕೆಜಿ ಹತ್ತಿರ ಉಳಿಯಬೇಕು. ನಾಲ್ಕಾರು ಹಾರಾಟಗಳಲ್ಲಿ ಒಂದೇ ಕಡೆಗೆ ವ್ಯತ್ಯಾಸ ಬರುತ್ತಿದ್ದರೆ ಸಿಂಬ್ರೀಫ್‌ನಲ್ಲಿ ಫ್ಯುಯೆಲ್ ಫ್ಯಾಕ್ಟರನ್ನು ಅಷ್ಟು ಶೇಕಡ ತಿದ್ದಿ. ಅದೇ ವಿಮಾನವನ್ನು ಮರಳಿ ಪಶ್ಚಿಮಕ್ಕೆ ಒಯ್ಯುವ ಮುನ್ನ ಈ ತಿದ್ದುಪಡಿ ಆಗಲೇಬೇಕು. ಆಗ ಗಾಳಿ ಎದುರಿಗೆ, ಮಟ್ಟಗಳು 340, 360, ಹೊತ್ತು ಆರು ಗಂಟೆ, ದಾರಿಯ ಇಂಧನವೇ 14,000 ಕೆಜಿ. ಮೀಸಲು ಸೇರಿದರೆ 18,000 ಮುಟ್ಟುತ್ತದೆ, ಟ್ಯಾಂಕಿನಲ್ಲಿ ಹಿಡಿಯುವುದು 19,000 ಕೆಜಿಗೂ ಒಂದಿಷ್ಟು ಕಡಿಮೆ.